ಸರಾಸರಿ ಹೇಳಿದ್ದು ಸಾಕು, ಪ್ರತಿ ವರ್ಷ ಎಣಿಸಿ: ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರಗಳು.

ಸರ್, ನಾನು ಕಾಲೇಜಿನಲ್ಲಿ 31 ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದವನು. ಎರಡು ಎಕರೆ ತೋಟ, ಒಂದು ಎಕರೆ ಗದ್ದೆ, ಮನೆ ಹಿಂದೆ ಹುಲ್ಲು ಬೆಳೆಯುವ ಒಂದು ಬ್ಯಾಣ ಇದೆ. ಆರು ವರ್ಷದಿಂದ ಒಂದೇ ವಿಷಯಕ್ಕೆ ಅರ್ಜಿ ಬರೆಯುತ್ತಿದ್ದೇನೆ. ನಮ್ಮ ಭಾಗದ ಕಾಡಿನಲ್ಲಿ ಹಂದಿ, ಕಡವೆ, ಚಿರತೆ ಎಷ್ಟಿವೆ ಅಂತ ಪ್ರತಿ ವರ್ಷ ಎಣಿಸಿ. ಇಷ್ಟೇ. ಪರಿಹಾರದ ನಿಯಮ, ಬೋನಿನ ನಿಯಮ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಹೋದ ಕಾರ್ತಿಕದಲ್ಲಿ ಕೊಯ್ಲಿಗೆ ಎಂಟು ದಿನ ಬಾಕಿ ಇತ್ತು. ಹಂದಿ ಹಿಂಡು ಒಂದೇ ರಾತ್ರಿಯಲ್ಲಿ ಅರ್ಧ ಗದ್ದೆ ಹೊರಳಾಡಿ ಹೋಯಿತು. ಅದಾಗಿ ಹತ್ತು ದಿನಕ್ಕೆ ಕೊಟ್ಟಿಗೆಯಿಂದ ನಾಲ್ಕು ತಿಂಗಳ ಕರುವನ್ನು ಚಿರತೆ ಎಳೆದುಕೊಂಡು ಹೋಯಿತು. ಬೆಳಿಗ್ಗೆ ನನ್ನ ಹೆಂಡತಿ ಹಾಲು ಕರೆಯೋಕೆ ಹೋದಾಗ ಕಂಬದಲ್ಲಿ ಹರಿದ ಕಣ್ಣಿ ಮಾತ್ರ ನೇತಾಡುತ್ತಿತ್ತು. ತಾಯಿ ಹಸು ಮೂರು ದಿನ ಹಾಲು ಇಳಿಸಲಿಲ್ಲ. ರಾತ್ರಿಯೆಲ್ಲ ಅದು ಕೂಗುವುದನ್ನು ಕೇಳುತ್ತಾ ನಾವಿಬ್ಬರೂ ಜಗುಲಿಯಲ್ಲೇ ಕೂತಿದ್ದೆವು.

ಪರಿಹಾರದ ಅರ್ಜಿ ಹಿಡಿದು ಕಚೇರಿಗೆ ಹೋದೆ. ಅಲ್ಲಿದ್ದವರು ಹೇಳಿದರು, "ಪ್ರಾಣಿಗಳ ಸಂಖ್ಯೆ ಎಲ್ಲ ಸರಾಸರಿಯಲ್ಲೇ ಇದೆ, ಗಾಬರಿ ಆಗೋ ಅಂಥದ್ದು ಏನಿಲ್ಲ."

ನಾನು ಅರ್ಜಿಯ ಹಿಂದೆಯೇ ಲೆಕ್ಕ ಬರೆದು ತೋರಿಸಿದೆ. ನೂರು ಕಡವೆ ಇವೆ ಅಂತ ಇಟ್ಟುಕೊಳ್ಳಿ. ಮಳೆ ಒಳ್ಳೆಯದಾದ ವರ್ಷ ಒಂದೂವರೆ ಪಟ್ಟು ಆಗುತ್ತವೆ. ಕೆಟ್ಟ ವರ್ಷ 0.6 ಪಟ್ಟಿಗೆ ಇಳಿಯುತ್ತವೆ. ಸರಾಸರಿ ತೆಗೆದರೆ 1.05, ಅಂದರೆ ವರ್ಷಕ್ಕೆ ಶೇ. 5 ಬೆಳವಣಿಗೆ. ಹತ್ತು ವರ್ಷಕ್ಕೆ 163 ಕಡವೆ ಇರಬೇಕು. ಆದರೆ ನೂರು ಮೊದಲು 150 ಆಗಿ, ಆಮೇಲೆ 90ಕ್ಕೆ ಬರುತ್ತದೆ. ಐದು ಒಳ್ಳೆ ವರ್ಷ, ಐದು ಕೆಟ್ಟ ವರ್ಷ ಕಳೆದರೆ ಉಳಿಯುವುದು 59. ಕಾಗದದ ಮೇಲೆ ಸರಾಸರಿ ಏರುತ್ತಿರುತ್ತದೆ, ಕಾಡು ಖಾಲಿ ಆಗುತ್ತಿರುತ್ತದೆ. ಕಾಡು ಖಾಲಿಯಾದರೆ ಚಿರತೆ ಎಲ್ಲಿಗೆ ಬರಬೇಕು ಹೇಳಿ?

ಅವರು ಹಾಳೆ ಮಗುಚಿ, ಮುಂದಿನ ಮಗ್ಗುಲಿಗೆ ಸೀಲ್ ಹೊಡೆದು, "ಆಯ್ತು, ಹೋಗಿ" ಅಂದರು. ಆ ಸೀಲಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ ಸರ್. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಕಾಡಿನ ಏರಿಳಿತವನ್ನು ಲೆಕ್ಕದಲ್ಲಿ ಹಿಡಿಯುವುದು ನಾನು ಕಟ್ಟಿದ್ದಲ್ಲ. ಮೊದಲನೇ ಮಹಾಯುದ್ಧದಲ್ಲಿ ಇಟಲಿ ಪಕ್ಕದ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಡಿಮೆಯಾಯಿತು. ಆಗ ಬಲೆಗೆ ಬಿದ್ದ ಮೀನಿನಲ್ಲಿ ಶಾರ್ಕ್‌ನಂಥ ಬೇಟೆಯಾಡುವ ಮೀನುಗಳ ಪಾಲು ಜಾಸ್ತಿಯಾಗಿದ್ದನ್ನು ಡ'ಆಂಕೋನಾ ಎಂಬ ಜೀವವಿಜ್ಞಾನಿ ಗಮನಿಸಿದರು. 1926ರಲ್ಲಿ ಇಟಲಿಯ ಗಣಿತಜ್ಞ ವೀಟೊ ವೋಲ್ಟೆರಾ ಅದಕ್ಕೆ ಸಮೀಕರಣ ಬರೆದರು. ಅದಕ್ಕೂ ಒಂದು ವರ್ಷ ಮುಂಚೆ ಅಮೆರಿಕದಲ್ಲಿ ಲೋಟ್ಕಾ ಎಂಬ ವಿಜ್ಞಾನಿ ಅದನ್ನೇ ಬರೆದಿದ್ದರು. ಬೇಟೆ, ಅಂದರೆ ತಿನ್ನಿಸಿಕೊಳ್ಳುವ ಪ್ರಾಣಿ, ಹೆಚ್ಚಿದರೆ ಬೇಟೆಗಾರ, ಅಂದರೆ ಅದನ್ನು ತಿನ್ನುವ ಪ್ರಾಣಿ, ಹೆಚ್ಚುತ್ತದೆ, ಆಗ ಬೇಟೆ ಇಳಿಯುತ್ತದೆ, ಹಿಂದೆಯೇ ಬೇಟೆಗಾರ ಇಳಿಯುತ್ತದೆ. ಆಲೆಮನೆಯ ಕೋಣದ ಹಾಗೆ ಸುತ್ತು. ಆದರೆ ಕೋಣಕ್ಕೆ ನೊಗ ಇದೆ, ಈ ಸಮೀಕರಣಕ್ಕೆ ಇಲ್ಲ. ಒಂದು ಬರ ಬಂದು ತಳ್ಳಿದರೆ ಬೇರೆ ಸುತ್ತಿಗೆ ಹೋಗುತ್ತದೆ, ಹಳೇ ಸುತ್ತಿಗೆ ವಾಪಸ್ ಎಳೆಯುವುದು ಯಾವುದೂ ಇಲ್ಲ. ಹೀಗೆ ತಳ್ಳಿಸಿಕೊಂಡು ತಳ್ಳಿಸಿಕೊಂಡು ಕೊನೆಗೆ ಯಾವುದೋ ಒಂದು ಪ್ರಾಣಿ ಸೊನ್ನೆಗೆ ತಾಗುತ್ತದೆ. ನಿಜವಾದ ಕಾಡು ಇದಕ್ಕಿಂತ ತೊಡಕಿನದು, ಒಪ್ಪುತ್ತೇನೆ. ಹಾಗಾದರೆ ಎಣಿಸುವ ಅಗತ್ಯ ಇನ್ನೂ ಜಾಸ್ತಿ, ಅಲ್ವಾ?

ವೋಲ್ಟೆರಾ ಲೆಕ್ಕದಲ್ಲಿ ನಮಗೆ ನೇರವಾಗಿ ತಟ್ಟುವ ಮಾತು ಇನ್ನೊಂದಿದೆ. ಬೇಟೆ, ಬೇಟೆಗಾರ ಎರಡನ್ನೂ ಒಂದೇ ಪ್ರಮಾಣದಲ್ಲಿ ಕೊಂದರೆ ಸರಾಸರಿಯಲ್ಲಿ ಇಳಿಯುವುದು ಬೇಟೆಗಾರ, ಏರುವುದು ಬೇಟೆ. ನಮ್ಮೂರ ಸುತ್ತ ಹಂದಿಗೆ ಅಂತ ಉರುಳು ಇಡುತ್ತಾರೆ, ಅದು ಚಿರತೆಯನ್ನೂ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಬ್ಯಾಣದ ಬೇಲಿಯಲ್ಲೇ ಅಂಥ ಉರುಳಿಗೆ ಒಂದು ಚಿರತೆ ಸೊಂಟ ಸಿಕ್ಕಿಸಿಕೊಂಡಿತ್ತು. ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಜೀವ ಇತ್ತು. ಮಣ್ಣನ್ನು ಮೊಣಕಾಲುದ್ದ ಕೆರೆದಿತ್ತು. ಅರಿವಳಿಕೆ ಕೊಡುವವರು ಬರುವಷ್ಟರಲ್ಲಿ ಸತ್ತಿತ್ತು. ಕರು ಕಳೆದುಕೊಂಡವನೂ ನಾನೇ, ಆ ಚಿರತೆ ಸಾಯುವುದನ್ನು ನೋಡಿದವನೂ ನಾನೇ. ಎರಡಕ್ಕೂ ನನ್ನ ಹೊಟ್ಟೆ ಉರಿದಿದೆ.

ಹುಲಿ ಎಣಿಕೆ ನಾಲ್ಕು ವರ್ಷಕ್ಕೊಮ್ಮೆ ಆಗುತ್ತದೆ. ನಾಲ್ಕು ವರ್ಷದಲ್ಲಿ ಇಲ್ಲಿ ಏನೇನು ಆಗಿಹೋಗುತ್ತದೆ! 2019ರ ಆಗಸ್ಟ್ ನೆರೆ ಕಂಡಿದ್ದೇವೆ. 2023ರಲ್ಲಿ ಮಳೆ ಕೈಕೊಟ್ಟು 223 ತಾಲ್ಲೂಕುಗಳನ್ನು ಸರ್ಕಾರವೇ ಬರಪೀಡಿತ ಅಂತ ಘೋಷಿಸಿತು. ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ 1958ರಿಂದ ತೋಳ ಮತ್ತು ಮೂಸ್ ಎಂಬ ದೊಡ್ಡ ಜಿಂಕೆಯ ಅಧ್ಯಯನ ನಡೆಯುತ್ತಿದೆ. 1980ರಲ್ಲಿ 50 ಇದ್ದ ತೋಳಗಳು ಎರಡೇ ವರ್ಷದಲ್ಲಿ 14ಕ್ಕೆ ಇಳಿದವು, ನಾಯಿಯಿಂದ ಬಂದ ವೈರಸ್‌ನಿಂದ. 1996ರ ಕಡು ಚಳಿಗೆ ಮೂಸ್‌ಗಳು ರಾಶಿ ರಾಶಿ ಸತ್ತವು. ಬಿಡದೆ ಎಣಿಸುತ್ತಿದ್ದರು, ಆದ್ದರಿಂದ ಗೊತ್ತಾಯಿತು. ನಮ್ಮಲ್ಲಿ ಹಾಗೆ ಆದರೆ ಗೊತ್ತಾಗುವುದು ಕೊಟ್ಟಿಗೆಯಲ್ಲಿ.

ದಯವಿಟ್ಟು ಪ್ರತಿ ವರ್ಷ ಎಣಿಸಿ. ಆ ವರ್ಷದ ಮಳೆಯನ್ನೂ ಪಕ್ಕದಲ್ಲಿ ಬರೆಯಿಸಿ. ಪಂಚಾಯಿತಿ ಗೋಡೆ ಮೇಲೆ ಅಂಟಿಸಿ. ಬರುವ ಮುಂಗಾರಿಗೆ ಮುಂಚೆ ಮೊದಲ ಎಣಿಕೆ ಮುಗಿಯಲಿ. ಕ್ಯಾಮೆರಾ ಕಟ್ಟುವವರು ಬಂದರೆ ಚಿರತೆ ಯಾವ ಕಾಲುದಾರಿಯಲ್ಲಿ ಇಳಿಯುತ್ತದೆ ಅಂತ ನಾನೇ ಜೊತೆಗೆ ನಡೆದು ತೋರಿಸುತ್ತೇನೆ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ನಿವೃತ್ತ ಗಣಿತ ಮೇಷ್ಟ್ರು