ಕ್ಯಾಲಿಪರ್ ಬದಲಿಸುವ ಮೊದಲು ಹೋಸ್ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರುಗಳ ಬ್ರೇಕ್ ಸುಧಾರಣೆಯ ಕುರಿತು ತಮ್ಮ ವಾಹನ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಕ್ರದೊಂದಿಗೆ ತಿರುಗುವ ದೊಡ್ಡ ಡಿಸ್ಕ್ ಮತ್ತು ಅದನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಆರು ಪಿಸ್ಟನ್ನಿನ ಕ್ಯಾಲಿಪರ್ ಹಾಕಿಸಿದರೆ ಕಾರು ಇನ್ನೂ ಕಡಿಮೆ ದೂರದಲ್ಲಿ ನಿಲ್ಲುತ್ತದೆ ಎಂಬ ಅದರ ಮುಖ್ಯ ವಾದವನ್ನು ಮಾತ್ರ ಒಪ್ಪಲಾಗಲಿಲ್ಲ. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರಿಗೂ ರಸ್ತೆಗೂ ಇರುವ ಹಿಡಿತ. ಈಗಿರುವ ಬ್ರೇಕೇ ಚಕ್ರವನ್ನು ತಿರುಗದಂತೆ ಲಾಕ್ ಮಾಡುವಷ್ಟು ಬಲವಾಗಿದ್ದರೆ, ಅದಕ್ಕಿಂತ ದೊಡ್ಡ ಬ್ರೇಕ್ ಹಾಕಿಸಿದ ಮಾತ್ರಕ್ಕೆ ಒಂದು ಸಲದ ನಿಲುಗಡೆಯ ದೂರ ಕಡಿಮೆಯಾಗುವುದಿಲ್ಲ.

ದೊಡ್ಡ ಬ್ರೇಕಿನ ನಿಜವಾದ ಲಾಭ ಇರುವುದು ಶಾಖದ ಲೆಕ್ಕದಲ್ಲಿ. ಒಂದು ಟನ್ ತೂಕದ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖದಲ್ಲಿ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ವೇಗ 50 ಕಿ.ಮೀ. ಇದ್ದರೆ ಅದರ ಕಾಲುಭಾಗ ಶಾಖವಷ್ಟೇ ಹುಟ್ಟುತ್ತದೆ. ಇಳಿಜಾರಿನಲ್ಲಿಯೋ ರೇಸ್ ಟ್ರ್ಯಾಕಿನಲ್ಲಿಯೋ ಮೇಲಿಂದ ಮೇಲೆ ಬ್ರೇಕ್ ಒತ್ತುವವರಿಗೆ ಈ ಶಾಖವನ್ನು ತಾಳಿಕೊಳ್ಳುವ ಡಿಸ್ಕ್ ಬೇಕೇ ಬೇಕು. ಫ್ರಾನ್ಸಿನಲ್ಲಿ ನಡೆದ 1953ರ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದಾಗ ಅದಕ್ಕೆ ನೆರವಾದದ್ದೂ ಇದೇ ಗುಣ: ಸುತ್ತು ಸುತ್ತಿಗೂ ಅದೇ ಬ್ರೇಕ್ ಅದೇ ಬಲದಿಂದ ಹಿಡಿಯುತ್ತಿತ್ತು. ಆದರೆ ರಜಾದಿನ ಒಂದಿಷ್ಟು ದೂರ ಓಡಿಸಿ ಮತ್ತೆ ಶೆಡ್ಡಿಗೆ ಸೇರಿಸುವ ಕಾರಿಗೆ ಅಂಥ ಏರ್ಪಾಡು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ನನ್ನ ಬಳಿ ಇರುವುದು 1971ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್ (ಡಬ್ಬಿಯಂಥ ಭಾಗವನ್ನು ಒಳಗಿನಿಂದ ಒತ್ತಿ ಹಿಡಿಯುವ ಹಳೆಯ ಬಗೆಯ ಬ್ರೇಕ್). ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು, ಕಾಲು ತೆಗೆದ ಮೇಲೆ ಸ್ವಲ್ಪ ಹೊತ್ತು ಬಲಕ್ಕೆ ವಾಲುತ್ತಿತ್ತು. ಕ್ಯಾಲಿಪರ್ ಹಳತಾಗಿದೆ ಎಂದು ಮೆಕ್ಯಾನಿಕ್ ಒಬ್ಬರು ಹೇಳಿದ್ದನ್ನು ನಂಬಿ ದೊಡ್ಡ ಕ್ಯಾಲಿಪರಿನ ಕಿಟ್ ತರಿಸಿ ಹಾಕಿಸಿದೆ. ಪೆಡಲ್ ಮೊದಲಿಗಿಂತ ಕೆಳಗೆ ಹೋಯಿತು, ಎಳೆತ ಹಾಗೆಯೇ ಉಳಿಯಿತು. ಕೊನೆಗೆ ಬಲಗಡೆಯ ಬ್ರೇಕಿಗೆ ದ್ರವವನ್ನು ಒಯ್ಯುವ ರಬ್ಬರ್ ಹೋಸನ್ನು ಬಿಚ್ಚಿ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದರೆ, ಹೊರಗೆ ಒಂದು ಬಿರುಕೂ ಇಲ್ಲದ ಆ ಹೋಸಿನ ಒಳಪದರ ಊದಿಕೊಂಡು ಸೂಜಿ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ಒತ್ತಿದಾಗ ಆ ಚಕ್ರಕ್ಕೆ ಒತ್ತಡ ತಡವಾಗಿ ತಲುಪುತ್ತಿತ್ತು, ಬಿಟ್ಟಾಗ ತಡವಾಗಿ ಇಳಿಯುತ್ತಿತ್ತು. ಹೊಸ ಹೋಸ್ ಹಾಕಿದ ದಿನವೇ ಕಾರು ನೇರ ನಿಂತಿತು.

ಪೆಡಲ್ ಕೆಳಗೆ ಹೋದದ್ದಕ್ಕೆ ಬೇರೆಯೇ ಕಾರಣವಿತ್ತು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದಷ್ಟೂ ಅದನ್ನು ತಳ್ಳಲು ಹೆಚ್ಚು ದ್ರವ ಬೇಕು. ವ್ಯಾಸ 48 ಮಿ.ಮೀ.ನಿಂದ 54 ಮಿ.ಮೀ.ಗೆ ಏರಿದರೆ ಪಿಸ್ಟನ್ನಿನ ವಿಸ್ತೀರ್ಣ ಕಾಲುಭಾಗಕ್ಕಿಂತಲೂ ಹೆಚ್ಚಾಗುತ್ತದೆ. ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಆಗಿದ್ದರೆ, ಪೆಡಲನ್ನು ಇನ್ನಷ್ಟು ಕೆಳಗೆ ಒತ್ತಿ ಆ ಕೊರತೆಯನ್ನು ಕಾಲೇ ತುಂಬಿಕೊಡಬೇಕು. ಹಾಗೆಂದು ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಪೆಡಲ್ ಗಟ್ಟಿಯಾಗಿ, ಅದೇ ಹಿಡಿತಕ್ಕೆ ಹೆಚ್ಚು ಬಲ ಕೊಟ್ಟು ಒತ್ತಬೇಕಾಗುತ್ತದೆ.

ಲೇಖನದಲ್ಲಿ ಒಂದು ಸಾಲೂ ಬಾರದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯವೆಂದರೆ ಮುಂದಿನ ಮತ್ತು ಹಿಂದಿನ ಬ್ರೇಕುಗಳ ಸಮತೋಲ. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತದೆ. ಆದ್ದರಿಂದಲೇ ಮುಂದಿನ ಚಕ್ರ ಮೊದಲು ಲಾಕ್ ಆಗುವಂತೆ ತಯಾರಕರು ಲೆಕ್ಕ ಹಾಕಿರುತ್ತಾರೆ. ಮುಂದೆ ಮಾತ್ರ ಬ್ರೇಕ್ ಹೆಚ್ಚಿಸಿದರೆ ಮುಂದಿನ ಚಕ್ರಗಳು ಬೇಗನೆ ಲಾಕ್ ಆಗಿ ಸ್ಟೀರಿಂಗ್ ಕೈಗೆ ಸಿಗುವುದಿಲ್ಲ, ಹಿಂದಿನವು ತಮ್ಮ ಪಾಲಿನ ಕೆಲಸ ಮಾಡುವುದಿಲ್ಲ. ನಿಲುಗಡೆಯ ದೂರ ಹೆಚ್ಚಿದರೂ ಆಶ್ಚರ್ಯವಿಲ್ಲ. ಹಿಂದೆ ಹೆಚ್ಚಾದರೆ ಇನ್ನೂ ಅಪಾಯ: ಕಾರು ಗಿರ್ರನೆ ತಿರುಗಿಬಿಡುತ್ತದೆ. ಹೆಚ್ಚು ಹಿಡಿತದ ಹೊಸ ಟೈರುಗಳು ಹಿಂಬದಿಯನ್ನು ಮತ್ತಷ್ಟು ಹಗುರಗೊಳಿಸುವುದರಿಂದ, ಮೊದಲು ಸರಿಯಾಗಿದ್ದ ಸಮತೋಲವೂ ಟೈರು ಬದಲಿಸಿದ ಮೇಲೆ ತಪ್ಪಬಹುದು.

ನನ್ನನ್ನು ಕೇಳಿದರೆ ಮೊದಲ ಕೆಲಸ ಬ್ರೇಕ್ ಆಯಿಲ್ ಬದಲಿಸುವುದು. ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ. ನಿಜವಾದ ಎಣ್ಣೆ ಬಿದ್ದರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಗಾಳಿಯ ತೇವವನ್ನು ಬ್ರೇಕ್ ದ್ರವ ಸದಾ ಹೀರುತ್ತಿರುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ; ನೀರು ಸೇರಿದ ದ್ರವಕ್ಕೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದು ಆವಿಯಾದರೆ ಆವಿ ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಮುಂದಕ್ಕೆ ಸಾಗಿಸುವುದಿಲ್ಲ, ಪೆಡಲ್ ನೆಲ ಮುಟ್ಟುತ್ತದೆ. ಎಷ್ಟು ದೊಡ್ಡ ಕ್ಯಾಲಿಪರ್ ಇದ್ದರೂ ಆ ಕ್ಷಣದಲ್ಲಿ ಅದು ಅಲಂಕಾರಕ್ಕಷ್ಟೇ. ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಡಾಟ್ 4ರೊಂದಿಗೆ ಬೆರೆಸಬಾರದು.

ಆಮೇಲೆ ಹೋಸು, ಸೀಲು, ಕೊನೆಗೆ ಒಳ್ಳೆಯ ಪ್ಯಾಡು. ರೇಸಿಗೆಂದೇ ಮಾಡಿದ ಪ್ಯಾಡುಗಳು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ಬೆಳಿಗ್ಗೆ ಮನೆಯಿಂದ ಹೊರಟ ಕಾರಿನ ಮೊದಲ ತಿರುವಿನಲ್ಲಿ ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಇಷ್ಟಾದ ಮೇಲೂ ಬ್ರೇಕ್ ಬಿಸಿಯಾಗಿ ಸೋಲುತ್ತಿದೆ ಎಂದಾದರೆ ದೊಡ್ಡ ಡಿಸ್ಕಿನ ಮಾತು ಎತ್ತಬಹುದು. ಆಗಲೂ ಅದು ಈಗಿನ ಚಕ್ರದೊಳಗೆ ಹಿಡಿಸುತ್ತದೆಯೇ ಎಂದು ಅಳತೆ ನೋಡಿಯೇ ಕೊಳ್ಳಬೇಕು.

ಲೇಖನದ ಮುಂದಿನ ಕಂತು ಪ್ರಕಟವಾಗುವುದಾದರೆ, ಹೊಳೆಯುವ ಕೆಂಪು ಕ್ಯಾಲಿಪರಿನ ಚಿತ್ರದ ಪಕ್ಕದಲ್ಲಿ ಹಿಂದಿನ ಡ್ರಮ್ಮಿನ ಬಗ್ಗೆಯೂ ನಾಲ್ಕು ಸಾಲು ಬರಲೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ