ಮನೆಯಲ್ಲಿ ನಡೆಸುವ ಮಾರಾಟದ ಖರ್ಚೂ ವ್ಯವಹಾರದ ಖರ್ಚೇ

ಮಾನ್ಯ ಸಂಪಾದಕರೇ,

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ದಿನಗಳು ಹತ್ತಿರವಾದಂತೆ ಸಂಬಳದಾರರಿಗೆ ಬೇಕಾದ ಸಲಹೆಗಳು ಪತ್ರಿಕೆಗಳಲ್ಲಿ ಧಾರಾಳವಾಗಿ ಪ್ರಕಟವಾಗುತ್ತವೆ. ಮನೆಯ ಪಡಸಾಲೆಯಲ್ಲೇ ನೆರೆಹೊರೆಯವರನ್ನು ಕೂರಿಸಿಕೊಂಡು ಅಡುಗೆ ಪಾತ್ರೆಗಳನ್ನೋ ಡಬ್ಬಿಗಳನ್ನೋ ತೋರಿಸಿ, ಆರ್ಡರ್ ಬರೆದುಕೊಂಡು, ಕಂಪನಿ ಕೊಡುವ ಕಮಿಷನ್ ಮೇಲೆ ದುಡಿಯುವ ನಮ್ಮಂಥ ಮಹಿಳೆಯರ ಲೆಕ್ಕದ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಶಿವಮೊಗ್ಗದಲ್ಲಿ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ಈ ಕೆಲಸ ಹಿಡಿದ ನಾನು, ತಿಳಿಯದೆ ಕಟ್ಟಿದ ತೆರಿಗೆಯೊಂದರ ವಿವರವನ್ನು ಅಂಕಿಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಇದೇ ತಪ್ಪು ಬೇರೆಯವರ ಮನೆಯಲ್ಲೂ ಆಗುತ್ತಿದೆ ಎಂದು ನನಗೆ ಗೊತ್ತಿದೆ.

2023–24ನೇ ಆರ್ಥಿಕ ವರ್ಷದಲ್ಲಿ ಸಂಬಳ, ಪಿಂಚಣಿಗೆ ಸಿಗುವ ನಿಗದಿತ ವಿನಾಯಿತಿಯಾದ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ರೂಪಾಯಿ ಕಳೆದು ನನ್ನ ಪಿಂಚಣಿ ಆದಾಯ 5,60,000 ರೂಪಾಯಿ ಇತ್ತು. ಕಮಿಷನ್ 2,10,000 ರೂಪಾಯಿ ಬಂದಿತ್ತು; ಅದರಲ್ಲಿ ಕಂಪನಿ ಶೇ 5ರಂತೆ 10,500 ರೂಪಾಯಿಯನ್ನು ಮೊದಲೇ ತೆರಿಗೆಯಾಗಿ (ಟಿಡಿಎಸ್) ಹಿಡಿದಿತ್ತು. ನನಗೆ ರಿಟರ್ನ್ ಹಾಕಿಕೊಡುತ್ತಿದ್ದವರು ಪಿಂಚಣಿದಾರರಿಗೆಲ್ಲ ಹಾಕುವಂತೆ ‘ಸಹಜ್’ (ಐಟಿಆರ್–1) ನಮೂನೆಯಲ್ಲಿಯೇ ಕಮಿಷನ್ ಅನ್ನು ‘ಇತರ ಮೂಲಗಳ ಆದಾಯ’ ಎಂದು ಸೇರಿಸಿ ಒಟ್ಟು 7,70,000 ರೂಪಾಯಿ ತೋರಿಸಿದರು. ಹೂಡಿಕೆಯ ರಿಯಾಯಿತಿಗಳನ್ನು ಬಿಟ್ಟು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಹೊಸ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ತೆರಿಗೆ ಇರಲಿಲ್ಲ. ಅದನ್ನು ದಾಟಿದ್ದರಿಂದ ಸೆಸ್ ಸೇರಿ 33,280 ರೂಪಾಯಿ ತೆರಿಗೆ ಬಿತ್ತು. ಟಿಡಿಎಸ್ ಕಳೆದು ಉಳಿದ 22,780 ರೂಪಾಯಿಯನ್ನು ನಾನು ಮರುಮಾತಾಡದೆ ಬ್ಯಾಂಕಿಗೆ ಹೋಗಿ ಕಟ್ಟಿಬಂದೆ.

ಆ ವರ್ಷ ನಾನು ಮನೆಯಲ್ಲಿ ಹನ್ನೆರಡು ಡೆಮೊ ನಡೆಸಿದ್ದೆ. ಪ್ರತಿಯೊಂದಕ್ಕೂ ಬಾಡಿಗೆ ಕುರ್ಚಿ, ಮಾಡಿ ತೋರಿಸುವ ಅಡುಗೆಗೆ ದಿನಸಿ, ಬಂದವರಿಗೆ ಉಪ್ಪಿಟ್ಟು, ಕಾಫಿ, ಸಹಾಯಕ್ಕೆ ಬರುವ ಹುಡುಗಿಗೆ ಕೂಲಿ ಎಂದು ಸುಮಾರು 3,500 ರೂಪಾಯಿಯಂತೆ 42,000 ಖರ್ಚಾಗಿತ್ತು. ಬಂದವರಿಗೆ ಕೊಡಲೆಂದು ಕಂಪನಿಯಿಂದಲೇ ಕೊಂಡ ಸಣ್ಣ ಡಬ್ಬಿಗಳು ಮತ್ತು ಕ್ಯಾಟಲಾಗ್‌ಗಳಿಗೆ 18,000, ಸಾಮಾನು ತಲುಪಿಸಿದ ಆಟೊ ಬಾಡಿಗೆ 12,000. ಒಟ್ಟು 72,000 ರೂಪಾಯಿ. ಇದನ್ನು ಕಮಿಷನ್‌ನಲ್ಲಿ ಕಳೆದಿದ್ದರೆ ನನ್ನ ಆದಾಯ 6,98,000 ಆಗುತ್ತಿತ್ತು. ತೆರಿಗೆ ಶೂನ್ಯವಾಗಿ, ಹಿಡಿದಿದ್ದ 10,500 ರೂಪಾಯಿಯೂ ವಾಪಸ್ ಬರುತ್ತಿತ್ತು. ಈ ಎಲ್ಲ ಖರ್ಚನ್ನು ನಾನು ಉದ್ದನೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೆ, ಆಟೊದವರಿಗೆ ಫೋನ್‌ಪೇ ಮಾಡಿದ್ದಕ್ಕೂ ದಾಖಲೆ ಇತ್ತು. ಅದನ್ನು ತೋರಿಸಿದಾಗ ಸಿಕ್ಕ ಉತ್ತರ, ‘ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ ಮೇಡಂ’ ಎಂಬುದು. ಆ ಉತ್ತರ ತಪ್ಪೆಂದು ತಿಳಿಯುವಷ್ಟರಲ್ಲಿ ರಿಟರ್ನ್ ತಿದ್ದುವ ಅವಧಿ ಮುಗಿದಿತ್ತು. ಆಮೇಲೆ ಸಲ್ಲಿಸಬಹುದಾದ ‘ಅಪ್‌ಡೇಟೆಡ್ ರಿಟರ್ನ್’ ಹೆಚ್ಚು ತೆರಿಗೆ ಕಟ್ಟುವುದಕ್ಕಷ್ಟೇ ಇದೆ, ಕಟ್ಟಿದ್ದನ್ನು ಕಡಿಮೆ ಮಾಡಿಕೊಳ್ಳುವುದಕ್ಕಲ್ಲ.

ಗೊಂದಲದ ಮೂಲ ನಾವು ಬಳಸುವ ಪದದಲ್ಲೇ ಇದೆ ಎಂದು ಕನ್ನಡ ಪಾಠ ಮಾಡಿದ ನನಗೆ ಅನ್ನಿಸುತ್ತದೆ. ಸಂಬಳದಲ್ಲೋ ಕಮಿಷನ್‌ನಲ್ಲೋ ಮೊದಲೇ ಹಿಡಿದುಕೊಳ್ಳುವ ಟಿಡಿಎಸ್ ಕೂಡ ‘ಕಡಿತ’, ಬಜೆಟ್‌ನಲ್ಲಿ ತೆರಿಗೆ ದರ ಇಳಿಸಿದರೆ ಅದೂ ‘ಕಡಿತ’, ಎಲ್‌ಐಸಿ, ಪಿಪಿಎಫ್ ಹೂಡಿಕೆಗೆ 80ಸಿ ಸೆಕ್ಷನ್ ಅಡಿ ಸಿಗುವುದೂ ‘ಕಡಿತ’, ವ್ಯವಹಾರಕ್ಕೆ ಮಾಡಿದ ಖರ್ಚನ್ನು ಕಳೆಯುವುದೂ ‘ಕಡಿತ’. ಹೊಸ ಪದ್ಧತಿಯಲ್ಲಿ ಇಲ್ಲವಾಗಿರುವುದು 80ಸಿಯಂಥ ಹೂಡಿಕೆ, ಉಳಿತಾಯದ ರಿಯಾಯಿತಿಗಳೇ ಹೊರತು ವ್ಯವಹಾರದ ಖರ್ಚಲ್ಲ. ಪೂರ್ಣವಾಗಿ ವ್ಯವಹಾರದ ಸಲುವಾಗಿಯೇ ಮಾಡಿದ ಖರ್ಚನ್ನು ಕಳೆದು ಉಳಿದದ್ದೇ ಆದಾಯ ಎಂಬುದು 1961ರ ಕಾಯ್ದೆಯ 37ನೇ ಸೆಕ್ಷನ್‌ನ ತತ್ವ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿದ್ದರೂ ಈ ತತ್ವ ಉಳಿದಿದೆ.

ಹಾಗೆಂದು ಮನೆಯ ಖರ್ಚನ್ನೆಲ್ಲ ವ್ಯವಹಾರದ ತಲೆಗೆ ಕಟ್ಟುವುದನ್ನು ನಾನು ಸಮರ್ಥಿಸುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಕರೆದವರಿಗೇ ಪಾತ್ರೆಗಳನ್ನೂ ತೋರಿಸಿದರೆ, ಪೂಜೆಯ ಹೂವು, ತಾಂಬೂಲ, ರವಿಕೆ ಕಣ ಇವು ಹಬ್ಬದ ಖರ್ಚೇ. ಅದಕ್ಕಾಗಿಯೇ ನಾನು ಡೆಮೊವನ್ನು ಹಬ್ಬಕ್ಕೆ ಎರಡು ವಾರ ಮೊದಲು ಬೇರೆಯಾಗಿ ಇಟ್ಟುಕೊಳ್ಳುತ್ತೇನೆ. ಡೆಮೊಗೆ ತಂದ ಪಾತ್ರೆ ಕೊನೆಗೆ ನಮ್ಮ ಅಡುಗೆಮನೆ ಸೇರಿದರೆ ಅದು ಖರ್ಚಾಗುವುದಿಲ್ಲ. ಮನೆಯ ಒಂದು ಕೋಣೆಯನ್ನು ದಾಸ್ತಾನಿಗೆಂದು ಬಿಟ್ಟುಕೊಟ್ಟಿದ್ದರೆ ಬಾಡಿಗೆ ಮನೆಯವರು ಆ ಪಾಲಿನಷ್ಟು ಬಾಡಿಗೆಯನ್ನು ಕಳೆಯಬಹುದು, ಅದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಇಡೀ ಮನೆಯ ಬಾಡಿಗೆಯನ್ನಲ್ಲ.

ತಾವೇ ಬಂಡವಾಳ ಹಾಕಿ ಸೀರೆ ತಂದು ಮನೆಯಲ್ಲಿ ಮಾರುವವರ ದಾರಿ ಬೇರೆ. ಅವರು 1961ರ ಕಾಯ್ದೆಯ 44ಎಡಿ ಸೆಕ್ಷನ್ ಅಡಿ ಮಾರಾಟದ ಶೇ 8ರಷ್ಟನ್ನು, ಯುಪಿಐ ಅಥವಾ ಬ್ಯಾಂಕ್ ಮೂಲಕ ಬಂದ ಹಣಕ್ಕಾದರೆ ಶೇ 6ರಷ್ಟನ್ನು ಲಾಭವೆಂದು ತೋರಿಸಬಹುದು. ಆಗ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ನಾಲ್ಕು ಲಕ್ಷದ ಸೀರೆ ಮಾರಿದ್ದರೆ ನಗದಿಗೆ 32,000, ಯುಪಿಐಗೆ 24,000 ರೂಪಾಯಿ ಲಾಭ ಎಂದಾಗುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ನಮ್ಮ ಬೀದಿಯ ಸೀರೆ ಮಾರುವವರು ‘ನಗದೇ ಕೊಡಿ’ ಎನ್ನತೊಡಗಿದ್ದಾರೆ. ಅದು ಜಿಎಸ್‌ಟಿಯ ವಿಷಯ, ಸರಕು ಮಾರುವವರಿಗೆ ಅದರ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ಆದಾಯ ತೆರಿಗೆಯಲ್ಲಾದರೆ ಯುಪಿಐ ಅವರಿಗೇ ಅನುಕೂಲ ಎಂಬುದನ್ನು ಹೇಳುವವರಿಲ್ಲ.

ಆದರೆ ಕಮಿಷನ್ ಆದಾಯಕ್ಕೆ 44ಎಡಿ ಅನ್ವಯಿಸುವುದಿಲ್ಲ ಎಂದು ಕಾಯ್ದೆಯೇ ಹೇಳಿದೆ. ಆದ್ದರಿಂದ ಕಮಿಷನ್ ಮೇಲೆ ದುಡಿಯುವವರಿಗೆ ನಿಜವಾದ ಖರ್ಚನ್ನು ತೋರಿಸುವುದೊಂದೇ ದಾರಿ, ಅದಕ್ಕೆ ವ್ಯವಹಾರದ ಆದಾಯ ಇರುವವರ ರಿಟರ್ನ್ ಆದ ಐಟಿಆರ್–3 ನಮೂನೆ ಬೇಕು. ಅದು ಉದ್ದವಾಗಿದೆ ಎಂದು ರಿಟರ್ನ್ ಹಾಕಿಕೊಡುವವರು ಹಿಂಜರಿಯುತ್ತಾರೆ. ನನ್ನಂತೆ ವ್ಯವಹಾರದ ಆದಾಯ ಎರಡೂವರೆ ಲಕ್ಷ ದಾಟದ, ಒಟ್ಟು ವಹಿವಾಟೂ 25 ಲಕ್ಷ ದಾಟದ ವ್ಯಕ್ತಿಗಳಿಗೆ ಸಾಮಾನ್ಯವಾಗಿ ಲೆಕ್ಕಪುಸ್ತಕದ ಕಡ್ಡಾಯವಿಲ್ಲ. ಅಂಥವರು ಬಂದ ಹಣ, ಖರ್ಚು, ಉಳಿದ ಲಾಭ ಇಷ್ಟನ್ನೇ ತುಂಬುವ ಭಾಗ ಆ ನಮೂನೆಯಲ್ಲೇ ಇದೆ.

2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವಾದ್ದರಿಂದ ಈ ಮಾತಿಗೆ ಈಗ ಅರ್ಥವಿಲ್ಲ ಎಂದು ಕೆಲವರು ಹೇಳಬಹುದು. ಬರೀ ಕಮಿಷನ್ ಇರುವ ಅನೇಕರಿಗೆ ಅದು ನಿಜ. ಸಂಬಳ ಅಥವಾ ಪಿಂಚಣಿಯ ಜೊತೆಗೆ ಕಮಿಷನ್ ಸೇರಿ ಆ ಗಡಿಯ ಆಚೀಚೆ ಇರುವವರಿಗೆ, ಹಳೆಯ ಪದ್ಧತಿಯಲ್ಲೇ ಉಳಿದವರಿಗೆ ಇದು ಇಂದಿಗೂ ಕೈಯಿಂದ ಹೋಗುವ ದುಡ್ಡಿನ ಪ್ರಶ್ನೆ.

ನೇರ ಮಾರಾಟದ ಕಂಪನಿಗಳು ವರ್ಷಾಂತ್ಯದಲ್ಲಿ ಕಳಿಸುವ ಕಮಿಷನ್ ಮತ್ತು ಟಿಡಿಎಸ್ ವಿವರದ ಜೊತೆಗೆ, ಇದು ವ್ಯವಹಾರದ ಆದಾಯ, ಇದನ್ನು ಯಾವ ನಮೂನೆಯಲ್ಲಿ ತೋರಿಸಬೇಕು ಎಂಬ ಅರ್ಧ ಪುಟದ ಕನ್ನಡ ಟಿಪ್ಪಣಿಯನ್ನು ಲಗತ್ತಿಸಬೇಕು. ಆದಾಯ ತೆರಿಗೆ ಇಲಾಖೆ ಜಿಲ್ಲಾ ಕೇಂದ್ರಗಳಲ್ಲಿ ನಡೆಸುವ ಜಾಗೃತಿ ಸಭೆಗಳಿಗೆ ವರ್ತಕರ ಸಂಘಗಳ ಜೊತೆ ಮಹಿಳಾ ಸಂಘಗಳನ್ನೂ ಕರೆಯಬೇಕು. ತಮ್ಮ ಪತ್ರಿಕೆಯು ಈ ಸಲ ರಿಟರ್ನ್ ಸಲಹೆಗಳನ್ನು ಪ್ರಕಟಿಸುವಾಗ, ಲೆಕ್ಕಪುಸ್ತಕವಿಲ್ಲದವರು ಐಟಿಆರ್–3ರಲ್ಲಿ ತುಂಬಬೇಕಾದ ಆ ಒಂದು ಭಾಗವನ್ನು ಉದಾಹರಣೆಯ ಅಂಕಿಗಳೊಡನೆ ಮುದ್ರಿಸಬೇಕೆಂದು ಕೋರುತ್ತೇನೆ. ಬೇಕಿದ್ದರೆ ನನ್ನ ನೋಟ್‌ಬುಕ್ಕಿನ ಲೆಕ್ಕವನ್ನೇ ಬಳಸಿಕೊಳ್ಳಬಹುದು.

ಇಂತಿ,
ನಿವೃತ್ತ ಶಿಕ್ಷಕಿ, ಶಿವಮೊಗ್ಗ