ಸೇರಿಗೆ ರಸೀದಿ ಎಲ್ಲಿಂದ ತರಲಿ?

ಮಾನ್ಯ ಸಂಪಾದಕರಿಗೆ,

ನಾನು ಓದಿದ ಕನ್ನಡ ಶಾಲೆಯ ಇಯತ್ತೆ ನಾಲ್ಕರ (ನಾಲ್ಕನೆಯ ತರಗತಿಯ) ಕೋಣೆಯಿಂದ ‘ಅನುಪಯುಕ್ತ ಸಾಮಗ್ರಿ’ಯನ್ನು ತೆರವುಗೊಳಿಸಿದ ಸುದ್ದಿ ಗುರುವಾರದ ತಮ್ಮ ಪತ್ರಿಕೆಯಲ್ಲಿ ಬಂದಿದೆ. ತಪಾಸಣೆಗೆ ಬಂದ ಅಧಿಕಾರಿಗಳ ಸ್ವಚ್ಛತೆಯ ಕಾಳಜಿಯನ್ನು ವರದಿ ಕೊಂಡಾಡಿದೆಯೇ ಹೊರತು ಆ ಸಾಮಗ್ರಿ ಯಾರದೆಂದು ಹೇಳಿಲ್ಲ. ಅದರಲ್ಲಿ ಮೂರು ವಸ್ತುಗಳು ನನ್ನವು: ನನ್ನ ತಾಯಿ ಮದುವೆಯಾಗಿ ಮುಂಬಯಿಗೆ ಬರುವಾಗ ಊರಿನಿಂದ ತಂದ ಹಿತ್ತಾಳೆಯ ಸೇರು, ಅದರ ಜೊತೆಯ ಪಾವು ಮತ್ತು ಒಂದು ಶಿವರಾಯಿ ನಾಣ್ಯ. ಇತಿಹಾಸದ ಪಾಠಕ್ಕೆಂದು ಶಿಕ್ಷಕಿ ಕೇಳಿದಾಗ ಹದಿನೈದು ದಿನಗಳ ಮಟ್ಟಿಗೆ ಕೊಟ್ಟಿದ್ದೆ.

ಮಹಾರಾಷ್ಟ್ರದಲ್ಲಿ ಇಯತ್ತೆ ನಾಲ್ಕರ ಇತಿಹಾಸವೆಂದರೆ ಛತ್ರಪತಿ ಶಿವಾಜಿ ಮಹಾರಾಜರ ಚರಿತ್ರೆ ಎಂಬುದು ತಮಗೆ ಗೊತ್ತೇ ಇದೆ. 1674ರಲ್ಲಿ ರಾಯಗಡದಲ್ಲಿ ಪಟ್ಟಾಭಿಷೇಕವಾಯಿತು, ಚಿನ್ನದ ಹೊನ್ನು ಮತ್ತು ತಾಮ್ರದ ಶಿವರಾಯಿ ಚಲಾವಣೆಗೆ ಬಂದವು ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯ ಮರುದಿನ ಮರೆಯುತ್ತಾರೆ. ಈ ಶಿಕ್ಷಕಿ ಆ ತಾಮ್ರದ ಬಿಲ್ಲೆಯನ್ನು ಮಕ್ಕಳ ಅಂಗೈಗೇ ಕೊಟ್ಟರು. ಅಂದು ನಾನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ನಾಣ್ಯದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಮೆಲ್ಲನೆ ಉಜ್ಜಿದಂತೆ ಮೊದಲು ಅಂಚಿನ ಚುಕ್ಕಿಗಳು, ಆಮೇಲೆ ‘ಶ್ರೀ’, ಅದರ ಕೆಳಗೆ ‘ರಾಜಾ ಶಿವ’ ಎಂಬ ನಾಗರಿ ಅಕ್ಷರಗಳು ಮೂಡಿದವು. ಮಗುಚಿ ಉಜ್ಜಿದರೆ ‘ಛತ್ರಪತಿ’ಯ ಅರ್ಧ ಮಾತ್ರ ಬಂತು. ಉಳಿದರ್ಧ ಎಲ್ಲಿ ಹೋಯಿತೆಂದು ಹುಡುಗನೊಬ್ಬ ಕೇಳಿದ. ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಬಿಲ್ಲೆ ಅಚ್ಚಿಗಿಂತ ಚಿಕ್ಕದಾದರೆ ಅಕ್ಷರ ಹೊರಗೆ ಉಳಿಯುತ್ತದೆ ಎಂದು ಶಿಕ್ಷಕಿ ವಿವರಿಸಿದರು. ಶಿವರಾಯಿಯನ್ನು ಮಹಾರಾಜರ ನಂತರ ಪೇಶ್ವೆಯರ ಕಾಲದಲ್ಲೂ ಅಚ್ಚು ಹಾಕುತ್ತಿದ್ದರು, ಆದ್ದರಿಂದ ಇದನ್ನು ಮಹಾರಾಜರೇ ಮುಟ್ಟಿದ್ದರೆಂದು ಯಾರೂ ಮನೆಯಲ್ಲಿ ಹೇಳಬಾರದು ಎಂದು ಎಚ್ಚರಿಸಿದರು ಕೂಡ. ಇಷ್ಟು ಪ್ರಾಮಾಣಿಕವಾದ ಇತಿಹಾಸದ ಪಾಠವನ್ನು ನಾನು ಕಾಲೇಜಿನಲ್ಲೂ ಕೇಳಿರಲಿಲ್ಲ.

ಸೇರಿನ ಕಥೆಯೂ ಹಾಗೆಯೇ. ನಾಲ್ಕು ಪಾವಿಗೆ ಒಂದು ಸೇರು ಎಂಬುದನ್ನು ಮಕ್ಕಳು ಅಕ್ಕಿ ಸುರಿದು ತಾವೇ ಕಂಡುಕೊಂಡರು. ಹಳೆಯ ಆಣೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, 1957ರ ಏಪ್ರಿಲ್ 1ಕ್ಕಿಂತ ಮೊದಲು ರೂಪಾಯಿಗೆ ನೂರು ಪೈಸೆಯಲ್ಲ, ಹದಿನಾರು ಆಣೆ ಎಂದು ಎಣಿಸಿದಾಗ, ತನ್ನ ಅಜ್ಜ ಮಾತುಮಾತಿಗೆ ‘ಹದಿನಾರಾಣೆ ಸತ್ಯ’ ಎನ್ನುವುದೇಕೆಂದು ಒಬ್ಬ ಹುಡುಗಿಗೆ ಹೊಳೆಯಿತು. ಸಾಹೇಬರು ಕಾಲಿಟ್ಟದ್ದು ದುರದೃಷ್ಟವಶಾತ್ ಅದರ ಮರುದಿನ. ಅವರಿಗೆ ಕಂಡದ್ದು ನೆಲದ ಮೇಲೆ ಉಳಿದಿದ್ದ ನಾಲ್ಕು ಕಾಳು ಅಕ್ಕಿ ಮತ್ತು ಮೇಜಿನ ಮೇಲಿದ್ದ ‘ಭಂಗಾರ’, ಅಂದರೆ ಗುಜರಿ. ಮರಾಠಿಯ ಭಂಗಾರಕ್ಕೂ ಕನ್ನಡದ ಬಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ. ಅಷ್ಟು ಪ್ರಾಣವನ್ನೂ ಅವರು ಉಳಿಸಲಿಲ್ಲ. ಸಂಜೆಯೊಳಗೆ ಎಲ್ಲವೂ ಗೋಣಿಯಲ್ಲಿ ಕಟ್ಟಿ ಹೊರಟುಹೋಯಿತು, ಶಿಕ್ಷಕಿಗೆ ನೋಟಿಸು ಬಂತು.

ನಾನು ಡೊಂಬಿವಲಿಯಲ್ಲಿರುವವನು. ಎಪ್ಪತ್ತೆರಡರ ವಯಸ್ಸಿನಲ್ಲಿ, ಮೊಣಕಾಲಿನ ನೋವಿನೊಂದಿಗೆ, ಕುರ್ಲಾದಲ್ಲಿಳಿದು ಸೇತುವೆ ಹತ್ತಿ ಹಾರ್ಬರ್ ಲೈನಿನ ಗಾಡಿ ಹಿಡಿದು ಮೂರು ಸಲ ಸಂಬಂಧಪಟ್ಟ ಕಚೇರಿಗೆ ಹೋದೆ. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲ ಲಿಫ್ಟು ಕೆಟ್ಟಿತ್ತು; ಮೂರನೆಯ ಮಹಡಿಗೆ ಹತ್ತಿದ ಮೇಲೆ ಸಾಹೇಬರು ಊಟಕ್ಕೆ ಇಳಿದಿದ್ದಾರೆಂದು ತಿಳಿಯಿತು. ಮೂರನೆಯ ಸಲ ಗುಮಾಸ್ತರೊಬ್ಬರು ಮರಾಠಿಯಲ್ಲಿ ಎರಡು ಪ್ರತಿ ಅರ್ಜಿ ಬರೆಸಿಕೊಂಡು, ವಸ್ತುಗಳು ನನ್ನವೇ ಎಂಬುದಕ್ಕೆ ಖರೀದಿಯ ರಸೀದಿ ಲಗತ್ತಿಸಲು ಹೇಳಿದರು. ಸೇರು ನನ್ನ ತಾಯಿಯ ತಾಯಿಯದು. ರಸೀದಿಯನ್ನು ತರಲು ನಾನು ಎಲ್ಲಿಗೆ ಹೋಗಬೇಕೆಂದು ಕೇಳಿದ್ದಕ್ಕೆ ಅವರು ನಕ್ಕರು. ಕೊನೆಗೆ ಕುರ್ಲಾದ ಭಂಗಾರದ ಅಂಗಡಿಗಳನ್ನೇ ಸುತ್ತಿದೆ. ಒಂದು ಅಂಗಡಿಯಲ್ಲಿ ಶಾಲೆಯ ಕಂದೀಲು ಸಿಕ್ಕಿತು, ಗಾಜು ಒಡೆದಿತ್ತು. ಸೇರು ಕರಗಲು ಹೋಗಿಯಾಗಿತ್ತು. ಒಂದು ಕಾಲದಲ್ಲಿ ಊರಿಗೆಲ್ಲ ಅಕ್ಕಿ ಅಳೆದ ಸೇರನ್ನು ಕಿಲೋ ಲೆಕ್ಕದಲ್ಲಿ ತೂಗಿ ಮಾರಿದ್ದಾರೆ. ಶಿವರಾಯಿಯ ಸುದ್ದಿಯೇ ಇಲ್ಲ. ಫೆಬ್ರವರಿ 19ರಂದು ಇದೇ ಸಾಹೇಬರು ಮಹಾರಾಜರ ಚಿತ್ರಕ್ಕೆ ಹಾರ ಹಾಕಿ ಅರ್ಧ ಗಂಟೆ ಭಾಷಣ ಮಾಡಿದ್ದರು.

ಈ ಅಧಿಕಾರಿಗಳು ದಯವಿಟ್ಟು ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ತಪಾಸಣೆಗೆ ಹೋಗದಿರಲಿ ಎಂದು ಪ್ರಾರ್ಥಿಸುತ್ತೇನೆ. ಅಲ್ಲಿ ಅಡಕತ್ತರಿ, ದೀಪ, ಪಾತ್ರೆಗಳೇ ತುಂಬಿವೆ. ನಮ್ಮ ಮುಂಬಯಿಯಲ್ಲೇ, 1922ರಿಂದ ಸಾರ್ವಜನಿಕರಿಗೆ ತೆರೆದಿರುವ ಫೋರ್ಟಿನ ದೊಡ್ಡ ವಸ್ತುಸಂಗ್ರಹಾಲಯದವರು ಬಸ್ಸಿನಲ್ಲಿ ವಸ್ತುಗಳನ್ನಿಟ್ಟು ಶಾಲೆಗಳ ಬಾಗಿಲಿಗೇ ಕಳಿಸುತ್ತಾರೆ. ಕೇಂದ್ರ ಸರಕಾರ 2023ರಲ್ಲಿ ‘ಜಾದುಯಿ ಪಿಟಾರಾ’ ಎಂಬ ಆಟಿಕೆಗಳ ಪೆಟ್ಟಿಗೆಯನ್ನೇ ಹೊರತಂದು, ಚಿಕ್ಕ ಮಕ್ಕಳು ಕೈಯಿಂದ ಮುಟ್ಟಿ ಕಲಿಯಲಿ ಎಂದಿತು. ಸುತ್ತೋಲೆಗೆ ಸಹಿ ಹಾಕುವವರು ಅದನ್ನು ಓದಬೇಕೆಂಬ ನಿಯಮ ಬಹುಶಃ ಇಲ್ಲ.

ಇದು ಇವತ್ತಿನ ರೋಗವೂ ಅಲ್ಲ. ಹಿಂದೊಮ್ಮೆ ಇದೇ ಶಾಲೆಗೆ ಕನ್ನಡದ ಇತಿಹಾಸ ಪುಸ್ತಕ ಗಣೇಶ ಚತುರ್ಥಿ ಕಳೆದ ಮೇಲೆ ಬಂತು. ಮಹಾರಾಷ್ಟ್ರದ ನಕಾಶೆ ಕೇಳಿದರೆ ಸುರುಳಿ ಬಂತು, ಅದನ್ನು ನೇತುಹಾಕುವ ಮೊಳೆಗೆ ಮಂಜೂರಾತಿ ಬರಲಿಲ್ಲ. ಮಕ್ಕಳನ್ನು ಕಾನ್ಹೇರಿ ಗುಹೆಗಳಿಗೆ ಕರೆದೊಯ್ಯುವ ಅನುಮತಿ ಮೇ ತಿಂಗಳ ರಜೆಯಲ್ಲಿ ಕೈಸೇರಿತು. ಶಿಕ್ಷಕರನ್ನು ಚುನಾವಣೆಯ ಕೆಲಸಕ್ಕೆ ಅಟ್ಟುವಾಗ ಮಾತ್ರ ಇವರ ಕಾಗದಗಳು ಒಂದು ದಿನವೂ ತಡವಾಗುವುದಿಲ್ಲ.

ನನ್ನ ಸೇರು, ಪಾವು, ನಾಣ್ಯಗಳನ್ನು ಮರಳಿಸಬೇಕು. ಆಗದಿದ್ದರೆ ಬೆಲೆ ಕಟ್ಟಿಕೊಡಬೇಕು. ಬೆಲೆಯೂ ಬೇಡ, ಶಿಕ್ಷಕಿಗೆ ಕೊಟ್ಟ ನೋಟಿಸನ್ನಾದರೂ ಹಿಂದಕ್ಕೆ ಪಡೆಯಲಿ, ಮಕ್ಕಳ ಮುಂದೆ ಕ್ಷಮೆ ಕೇಳಲಿ. ಸಂಬಂಧಪಟ್ಟವರು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಲಿ. ಸೂಕ್ತ ಎಂದರೇನೆಂಬುದನ್ನು ಮೂರನೆಯ ಮಹಡಿಯಲ್ಲಿ ಕುಳಿತವರೇ ನಿರ್ಧರಿಸಲಿ, ಮೀಟಿಂಗು ಮತ್ತು ಊಟದ ನಡುವೆ ಬಿಡುವಾದರೆ. ಸಂಬಳ ಎಣಿಸಿಕೊಳ್ಳುವಾಗ ಒಂದು ಪೈಸೆಯನ್ನೂ ಬಿಡದ ಇವರಿಗೆ, ಪರರ ಮನೆಯ ನಾಣ್ಯವನ್ನು ಗೋಣಿಗೆ ಸುರಿಯುವಾಗ ಸ್ವಲ್ಪ ನಾಚಿಕೆಯಾದರೂ ಆಗಬಾರದಿತ್ತೇ?

ಇತಿ,
ಶಾಲೆಯ ಹಳೆಯ ವಿದ್ಯಾರ್ಥಿ,
ಡೊಂಬಿವಲಿ ಪೂರ್ವ